ಬೆಲೆ ಏರಿದಾಗಲೇ ಸೊರಗುವ ಕಾಫಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಗ ಎರಡು ಕಾಫಿ ಪೊಟ್ಟಣಗಳಿವೆ. ಒಂದು, ಹುಬ್ಬಳ್ಳಿಯ ಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಸಿ ಕೊಟ್ಟದ್ದು. ಅದರ ಮೇಲೆ ಪೆನ್ನಿನಲ್ಲಿ 80-20 ಎಂದು ಬರೆದಿದೆ. ಅಂದರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಇನ್ನೊಂದು, ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯ ಆರು ಎಕರೆ ತೋಟದಿಂದ ಕೊರಿಯರ್‌ನಲ್ಲಿ ಬಂದದ್ದು. ಅದರ ಮೇಲೆ ಒಂದು ಜಾತಕವೇ ಇದೆ: ತಳಿ ಎಸ್. 795, ತೋಟದ ಎತ್ತರ, ತೊಳೆದು ಒಣಗಿಸಿದ್ದು, ಸಾವಯವ, ಹುರಿದ ದಿನಾಂಕ. 250 ಗ್ರಾಂಗೆ 450 ರೂಪಾಯಿ. ಪುಡಿ ಅಂಗಡಿಯ ಪೊಟ್ಟಣಕ್ಕೆ ಕೊಟ್ಟದ್ದರ ಎರಡು ಪಟ್ಟಿಗೂ ಹೆಚ್ಚು.

ಮನೆಗೆ ಬಂದವರು ಈ ಬೆಲೆ ಕೇಳಿ ಹುಬ್ಬೇರಿಸುತ್ತಾರೆ. ನಮ್ಮದು ಚಹಾದ ಊರು. ದುರ್ಗದ ಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದ ಮೇಲೆ ಕೈಗೆ ಬರುವುದು ಚಹಾ. ಧಾರವಾಡದ ಮನೆಗಳಲ್ಲಿ ನೆಂಟರು ಬಂದೊಡನೆ ಒಲೆಗೇರುವುದೂ ಚಹಾ. ಅಂಥ ಊರಿನಲ್ಲಿ ಕಾಫಿಗೆ ಇಷ್ಟು ದುಡ್ಡು ಸುರಿಯುವುದೇಕೆ ಎಂದು ಕೇಳಿದರೆ, ಎರಡು ವರ್ಷ ನಾನು ರುಚಿಯನ್ನೇ ಮುಂದಿಟ್ಟು ಉತ್ತರ ಹೇಳಿದ್ದೇನೆ. ಕಳೆದ ವರ್ಷದ ಡಿಸೆಂಬರ್‌ನಲ್ಲಿ ಆ ತೋಟಕ್ಕೆ ಹೋಗಿ ಬಂದ ಮೇಲೆ ಆ ಉತ್ತರ ಸಾಲದು ಎನಿಸಿತು. ಏಕೆಂದರೆ ಅಲ್ಲಿ ಬೆಳೆಗಾರರು ಹೇಳಿದ ಮಾತು ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮುಂದಿನ ಹಂಗಾಮಿನಿಂದ ಈ ಕಾಫಿಯನ್ನು ಪ್ರತ್ಯೇಕವಾಗಿ ಮಾಡುವುದನ್ನು ನಿಲ್ಲಿಸುವ ಯೋಚನೆಯಿದೆ ಎಂದರು. ನಷ್ಟವಾಯಿತೇ ಎಂದು ಕೇಳಿದೆ. ಇಲ್ಲ, ಪೇಟೆಯಲ್ಲಿ ಕಾಫಿಗೆ ಬೆಲೆ ಚೆನ್ನಾಗಿದೆ, ಅದಕ್ಕೇ ನಿಲ್ಲಿಸಬೇಕಾಗಿದೆ ಎಂದರು.

ಬೆಲೆ ಬಂದಾಗ ಒಳ್ಳೆಯ ಕಾಫಿ ಮಾಡುವವರು ಹೆಚ್ಚಬೇಕಲ್ಲವೇ? ಕಡಿಮೆಯಾಗುವುದು ಹೇಗೆ? ಇದನ್ನು ಬಿಡಿಸಿ ನೋಡಬೇಕಾದರೆ ಮೊದಲು ಆ ಕಾಫಿಯ ಹಿಂದಿನ ಕೆಲಸವನ್ನು ನೋಡಬೇಕು.

ಸ್ಪೆಷಾಲಿಟಿ ಕಾಫಿ ಎಂಬ ಮಾತು ಈಗ ಹುಬ್ಬಳ್ಳಿಯ ವಿದ್ಯಾನಗರದ ಫಲಕಗಳ ಮೇಲೂ ಕಾಣುತ್ತದೆ. ಅದಕ್ಕೊಂದು ಅಳತೆಯಿದೆ. ತರಬೇತಿ ಪಡೆದ ರುಚಿಗಾರರು ಒಂದೇ ಮಾದರಿಯ ಐದು ಬಟ್ಟಲುಗಳನ್ನು ಸಾಲಾಗಿ ಇಟ್ಟು, ಪುಡಿಯ ಮೇಲೆ ಬಿಸಿನೀರು ಹೊಯ್ದು, ಸುಮಾರು ನಾಲ್ಕು ನಿಮಿಷದ ಬಳಿಕ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಿ, ಆಮೇಲೆ ಸೊರ್ರೆಂದು ಹೀರಿ ಅಂಕ ಕೊಡುತ್ತಾರೆ. ಜಗತ್ತಿನ ಕಾಫಿ ವಹಿವಾಟಿನಲ್ಲಿ ದಶಕಗಳಿಂದ ನಡೆದುಬಂದ ರೂಢಿಯಂತೆ 100ಕ್ಕೆ 80 ಅಂಕ ದಾಟಿದರೆ ಅದು ಸ್ಪೆಷಾಲಿಟಿ. ಹುರಿಯದ ಬೀಜದ 350 ಗ್ರಾಂ ಮಾದರಿಯಲ್ಲಿ ಕಪ್ಪು ಬೀಜ, ಹುಳಿತ ಬೀಜದಂಥ ದೊಡ್ಡ ದೋಷ ಒಂದೂ ಇರಬಾರದು. ಐದು ಬಟ್ಟಲುಗಳೇಕೆ ಎಂಬುದರಲ್ಲಿ ಸಣ್ಣ ಬೆಳೆಗಾರನ ಕಷ್ಟವೆಲ್ಲ ಅಡಗಿದೆ. ನಾಲ್ಕು ಬಟ್ಟಲು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ ಇಡೀ ಮಾದರಿಗೆ ಪೆಟ್ಟು. ಚೀಲದಲ್ಲಿ ಎಲ್ಲೋ ಸೇರಿಕೊಂಡ ಒಂದು ಹಿಡಿ ಹುಳಿತ ಬೀಜ ಒಂದು ವರ್ಷದ ದುಡಿಮೆಯನ್ನು ಕೆಳಗಿಳಿಸಬಲ್ಲದು.

ಆ ಒಂದು ಹಿಡಿಯನ್ನು ತಪ್ಪಿಸುವ ಕೆಲಸ ಕೊಯ್ಲಿನಲ್ಲೇ ಶುರುವಾಗುತ್ತದೆ. ಕಾಫಿ ಗಿಡದ ಒಂದೇ ರೆಕ್ಕೆಯಲ್ಲಿ, ಅಂದರೆ ಅಡ್ಡಕೊಂಬೆಯಲ್ಲಿ, ಹಸಿರು ಕಾಯಿ, ಅರೆಹಣ್ಣು, ಕೆಂಪು ಹಣ್ಣು, ಕಪ್ಪಾಗಿ ಒಣಗಿದ ಹಣ್ಣು ಎಲ್ಲವೂ ಜತೆಗೇ ಇರುತ್ತವೆ. ರೆಕ್ಕೆಯನ್ನು ಹಿಡಿದು ಒಮ್ಮೆ ಸವರಿದರೆ ಎಲ್ಲವೂ ಚೀಲಕ್ಕೆ, ಕೆಲಸ ಮುಗಿಯಿತು. ಕೆಂಪಾದದ್ದನ್ನು ಮಾತ್ರ ಬಿಡಿಸಬೇಕಾದರೆ ಅದೇ ಗಿಡದ ಬಳಿಗೆ ಹಂಗಾಮಿನಲ್ಲಿ ಮೂರು-ನಾಲ್ಕು ಸಲ ಬರಬೇಕು. ನಾನು ಹೋದ ದಿನ ಕೊಯ್ಲಿನ ಗುಂಪಿನಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ ಕಡೆಯ ಎರಡು ಕುಟುಂಬಗಳಿದ್ದವು. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡಿದ್ದ ಹೆಂಗಸೊಬ್ಬರು ನನ್ನ ಮಾತಿನ ಧಾಟಿ ಕೇಳಿಯೇ ಧಾರವಾಡದವರೇ ಎಂದು ವಿಚಾರಿಸಿದರು. ಸಾಮಾನ್ಯವಾಗಿ ತೋಟಗಳಲ್ಲಿ ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ. ಕಿಲೋ ಲೆಕ್ಕವಾದರೆ ಕೈ ಬೇಗ ಓಡುತ್ತದೆ, ಹಸಿರು ಕಾಯಿಯೂ ಬರುತ್ತದೆ. ಆದ್ದರಿಂದ ತೋಟದ ಈ ತುಂಡಿಗೆ ಮಾತ್ರ ದಿನಗೂಲಿ ಕೊಡುತ್ತಾರೆ, ನಿಧಾನಕ್ಕೆ ಬಿಡಿಸಿ ಎನ್ನುತ್ತಾರೆ ಎಂದು ಅವರೇ ವಿವರಿಸಿದರು. ಮಾತಾಡುತ್ತಲೇ ಅವರ ಬೆರಳು ಒಂದು ಗೊಂಚಲಿನಿಂದ ಮೂರು ಹಣ್ಣು ಬಿಡಿಸಿ ಎರಡನ್ನು ಉಳಿಸಿತು. ಉಳಿಸಿದ ಎರಡರ ತುದಿಯಲ್ಲಿ ಹಳದಿ ಇನ್ನೂ ಹೋಗಿರಲಿಲ್ಲ. ಮನೆಯಲ್ಲಿ ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ. ಚಹಾ ಎಂದರು.

ಹೀಗೆ ಬಂದ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆಯಬೇಕು. ಬೀಜಕ್ಕೆ ಅಂಟಿದ ಲೋಳೆ ಬಿಡಲು ತೊಟ್ಟಿಯಲ್ಲಿ ಒಂದು ದಿನ, ಚಳಿ ಹೆಚ್ಚಿದ್ದರೆ ಒಂದೂವರೆ ದಿನ ಇಡಬೇಕು. ತೊಳೆದು ಬಿಸಿಲಿಗೆ ಹರವಿದರೆ ಅದು ಪಾರ್ಚ್‌ಮೆಂಟ್. ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದರೆ ಚೆರ್ರಿ. ಸಿಪ್ಪೆ ತೆಗೆದು ಲೋಳೆಯನ್ನು ಉಳಿಸಿಯೇ ಒಣಗಿಸುವ ಮೂರನೆಯ ಬಗೆಗೆ ಇಂಗ್ಲಿಷಿನ ಹನಿ, ಅಂದರೆ ಜೇನು ಎಂದು ಹೆಸರು. ಅದರಲ್ಲಿ ಜೇನಿನ ಹನಿಯೂ ಇರುವುದಿಲ್ಲ, ಅಂಟು ಲೋಳೆಯಿಂದ ಬಂದ ಹೆಸರು ಅದು. ಈಚೆಗೆ ಮುಚ್ಚಿದ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಹುದುಗಿಸಿ, ಹಣ್ಣಿನ ರಸದಂಥ ಘಮ ತರಿಸುವ ಪ್ರಯೋಗಗಳಿಗೆ ಬೇಡಿಕೆ ಹೆಚ್ಚಿದೆ. ಆರು ಎಕರೆಯ ಬೆಳೆಗಾರನನ್ನು ಅದಕ್ಕೆ ಹುರಿದುಂಬಿಸುವುದು ತಪ್ಪು ಎಂಬುದು ನನ್ನ ಅನಿಸಿಕೆ. ಒಂದು ಡ್ರಮ್ಮು ಕೆಟ್ಟರೆ ದೊಡ್ಡ ಎಸ್ಟೇಟಿಗೆ ಅದು ಪಾಠ, ಇವರಿಗೆ ಮಗಳ ಕಾಲೇಜು ಶುಲ್ಕ. ಹಣ್ಣಾದದ್ದನ್ನೇ ಬಿಡಿಸಿ, ಶುದ್ಧವಾಗಿ ತೊಳೆದು, ನಿಧಾನವಾಗಿ ಒಣಗಿಸಿದ ಅರೇಬಿಕಾ ಜಾತಿಯ ಕಾಫಿಯಲ್ಲಿ ಆ ಮಣ್ಣಿನ ಗುಣ ತಾನಾಗಿಯೇ ಕಾಣುತ್ತದೆ.

ಒಣಗಿಸುವುದು ಎಂದು ಒಂದೇ ಪದದಲ್ಲಿ ಬರೆದೆ. ಅದನ್ನು ಕಣ್ಣಾರೆ ನೋಡಿದವರಿಗೆ ಆ ಪದ ಎಷ್ಟು ಚಿಕ್ಕದೆಂದು ಗೊತ್ತು. ಅಲ್ಲಿ ಬಿದಿರಿನ ಕಾಲುಗಳ ಮೇಲೆ ಬಲೆ ಹಾಸಿದ ಎಂಟು ಮಂಚಗಳಿದ್ದವು. ಗಂಟೆಗೊಮ್ಮೆ ಬೀಜವನ್ನು ಕೈಯಾಡಿಸಬೇಕು, ಒಡೆದದ್ದನ್ನು ಆರಿಸಿ ತೆಗೆಯಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಬೇಕು, ಬೆಳಿಗ್ಗೆ ಮತ್ತೆ ಬಿಚ್ಚಬೇಕು. ತೇವಾಂಶ ಶೇಕಡಾ 10-11ಕ್ಕೆ ಇಳಿಯುವವರೆಗೆ ಎಂಟು-ಹತ್ತು ದಿನ ಇದೇ ಕೆಲಸ. ನಾನು ಅಲ್ಲಿದ್ದ ಮಧ್ಯಾಹ್ನ ಮೂರೂವರೆಗೆ ಮೋಡ ಕವಿಯಿತು. ಬೆಳೆಗಾರರು, ಅವರ ಹೆಂಡತಿ, ಅಡುಗೆಮನೆಯಿಂದ ಓಡಿ ಬಂದ ಅವರ ಅತ್ತೆ, ನಾನು, ಎಲ್ಲರೂ ಸೇರಿ ಟಾರ್ಪಾಲು ಎಳೆದೆವು. ಮಳೆ ಬಂದದ್ದು ಹತ್ತೇ ನಿಮಿಷ. ಕೊನೆಯ ಮಂಚದ ಒಂದು ಮೂಲೆ ನೆನೆದಿತ್ತು. ಆ ಮೂಲೆಯ ಬೀಜವನ್ನು ಅವರು ಮರುಮಾತಿಲ್ಲದೆ ಬಾಚಿ, ಸಾಮಾನ್ಯ ಕಾಫಿ ಒಣಗುತ್ತಿದ್ದ ಸಿಮೆಂಟ್ ಕಣಕ್ಕೆ ಸುರಿದರು. ಅಷ್ಟು ಕಾಫಿ ವಿಶೇಷದ ಲೆಕ್ಕದಿಂದ ಹೊರಗೆ ಹೋಯಿತು.

ಕೊಯ್ಲಿನ ಹೊತ್ತಿನಲ್ಲಿ ಬರುವ ಅಕಾಲಿಕ ಮಳೆ ಎಲ್ಲ ಬೆಳೆಗಾರರನ್ನೂ ಕಾಡುತ್ತದೆ. ಆದರೆ ಹಣ್ಣನ್ನು ಹಣ್ಣಾಗುವವರೆಗೆ ಗಿಡದಲ್ಲೇ ಬಿಡುವವನಿಗೆ ಅದರ ಪೆಟ್ಟು ಹೆಚ್ಚು. ಮಾಗಿದ ಹಣ್ಣು ಮಳೆ ಬಿದ್ದೊಡನೆ ಬಿರಿಯುತ್ತದೆ, ಉದುರುತ್ತದೆ. ಅರೆಹಣ್ಣಿನಲ್ಲೇ ಸವರಿಕೊಂಡವನು ಆ ಹೊತ್ತಿಗೆ ಚೀಲ ಕಟ್ಟಿರುತ್ತಾನೆ.

ಇನ್ನು ಸಾವಯವ. ಸಾವಯವವಾದ ಮಾತ್ರಕ್ಕೆ ಕಾಫಿ ರುಚಿಯಾಗುವುದಿಲ್ಲ, 85 ಅಂಕ ಪಡೆದ ಕಾಫಿಗೆ ರಾಸಾಯನಿಕ ಬಿದ್ದಿಲ್ಲವೆಂದು ಹೇಳಲೂ ಬರುವುದಿಲ್ಲ. ಎರಡು ಬೇರೆ ಬೇರೆ ಮಾತುಗಳು. ಪೊಟ್ಟಣಗಳು ಅವನ್ನು ಒಂದೇ ಉಸಿರಿನಲ್ಲಿ ಹೇಳಿ ನಮ್ಮನ್ನು ಗೊಂದಲಕ್ಕೆ ಕೆಡವುತ್ತವೆ. ಆದರೆ ಎರಡನ್ನೂ ಒಟ್ಟಿಗೆ ಹೊತ್ತವನ ಭಾರ ಮಾತ್ರ ದುಪ್ಪಟ್ಟು. ಕಳೆನಾಶಕ ಇಲ್ಲವಾದ್ದರಿಂದ ಆಳು ಹಿಡಿದು ಕಳೆ ಹೊಡೆಸಬೇಕು. ಯೂರಿಯಾ ಬದಲು ಕೊಟ್ಟಿಗೆ ಗೊಬ್ಬರ, ಕಾಫಿ ಸಿಪ್ಪೆಯ ಕಾಂಪೋಸ್ಟ್. ಎಲೆ ತುಕ್ಕು ರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಲು ಸಾವಯವ ನಿಯಮಗಳು ಮಿತಿಯೊಳಗೆ ಅವಕಾಶ ಕೊಡುತ್ತವೆ. ಅರೇಬಿಕಾದ ಬದ್ಧವೈರಿ ಬಿಳಿ ಕಾಂಡಕೊರಕಕ್ಕೆ ಮಾತ್ರ ಸುಲಭದ ಮದ್ದಿಲ್ಲ. ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ಗೊತ್ತಾಗುವ ಹೊತ್ತಿಗೆ ಗಿಡ ಬಾಡಿರುತ್ತದೆ. ದುಂಬಿ ಹಾರುವ ಏಪ್ರಿಲ್-ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯೊಳಗೆ ತೊಗಟೆ ಉಜ್ಜುವುದು, ಕಾಂಡಕ್ಕೆ ಸುಣ್ಣ ಬಳಿಯುವುದು, ಮೋಹಕ ಬಲೆ ಕಟ್ಟುವುದು, ಹುಳು ಹೊಕ್ಕ ಗಿಡವನ್ನು ಬೇರುಸಹಿತ ಕಿತ್ತು ಸುಡುವುದು. ಈ ದುಂಬಿಗೆ ಬಿಸಿಲು ಇಷ್ಟ. ಆದ್ದರಿಂದ ಅತ್ತಿ, ಹಲಸು, ನಂದಿ, ಹಾಲುವಾಣದ ನೆರಳನ್ನು ಉಳಿಸಿಕೊಂಡು, ಮರಗಸಿಯನ್ನು (ನೆರಳು ಮರಗಳ ಕೊಂಬೆ ಕಡಿಯುವುದನ್ನು) ಅಳತೆಯಲ್ಲಿ ಮಾಡಿಸುವುದೇ ದೊಡ್ಡ ರಕ್ಷಣೆ. ಹೆಚ್ಚು ನೆರಳಿನ ತೋಟದಲ್ಲಿ ಫಸಲು ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಭಾರತದಲ್ಲಿ ಅರೇಬಿಕಾದ ಸರಾಸರಿ ಇಳುವರಿಯೇ ಹೆಕ್ಟೇರಿಗೆ ಅರ್ಧ ಟನ್ನಿಗಿಂತ ಕಡಿಮೆ. ಸಾವಯವಕ್ಕೆ ಹೊರಳಿದವನಿಗೆ ಮೊದಲ ವರ್ಷಗಳಲ್ಲಿ ಅದೂ ಕೈಗೆ ಹತ್ತುವುದಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ. ಆ ಮೂರು ವರ್ಷ ಖರ್ಚು ಸಾವಯವದ್ದು, ಮಾರಾಟ ಸಾಮಾನ್ಯ ಬೆಲೆಗೆ.

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಸುಮಾರು ಆರು ಕಿಲೋ ಹಣ್ಣಿನಿಂದ ಒಂದು ಕಿಲೋ ಬೀಜ. ಹುರಿದಾಗ ಅದರಲ್ಲಿ ಆರನೆಯ ಒಂದು ಪಾಲಿನಷ್ಟು ತೂಕ ಹೊಗೆ, ಹಬೆಯಾಗಿ ಹೋಗುತ್ತದೆ. ನನ್ನ 250 ಗ್ರಾಂ ಪೊಟ್ಟಣದೊಳಗೆ ಹಾಗಾದರೆ ಹತ್ತಿರ ಹತ್ತಿರ 1.8 ಕಿಲೋ ಹಣ್ಣಿದೆ, ಒಂದೊಂದನ್ನೂ ಬಣ್ಣ ನೋಡಿ ಬಿಡಿಸಿದ್ದು.

ಪಾರ್ಚ್‌ಮೆಂಟ್ ಮಾರುವುದು 50 ಕಿಲೋ ಚೀಲದ ಲೆಕ್ಕದಲ್ಲಿ. ಹೊಟ್ಟು ತೆಗೆದರೆ ಸುಮಾರು 40 ಕಿಲೋ ಬೀಜ ಸಿಗುತ್ತದೆ. 2018-19ರ ಆಸುಪಾಸಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಚೀಲಕ್ಕೆ 10 ಸಾವಿರ ರೂಪಾಯಿಯೂ ಇರಲಿಲ್ಲ. 2021ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿಯಿತು, ಆಮೇಲೆ ಅಲ್ಲಿ ಬರ ಬಿತ್ತು. ಕಾಫಿಯ ಇನ್ನೊಂದು ಮುಖ್ಯ ಜಾತಿ ರೊಬಸ್ಟಾದ ದೊಡ್ಡ ಕಣಜವಾದ ವಿಯೆಟ್ನಾಂನಲ್ಲೂ ಮಳೆ ಕೈಕೊಟ್ಟಿತು. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ 2025ರ ಫೆಬ್ರುವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. 1977ರಿಂದ ಉಳಿದಿದ್ದ ದಾಖಲೆ ಅದಕ್ಕೂ ಮೊದಲೇ ಮುರಿದಿತ್ತು. ನಮ್ಮಲ್ಲಿ ಚೀಲಕ್ಕೆ 25 ಸಾವಿರ ರೂಪಾಯಿ ಮೀರಿತು. ಆ ಬಳಿಕ ಏರಿಳಿತ ಇದ್ದೇ ಇದೆ.

ಒಂದು ಉದಾಹರಣೆ ಕಟ್ಟಿ ನೋಡಿ. ಚೀಲಕ್ಕೆ 9 ಸಾವಿರ ಇದ್ದಾಗ ಬೀಜದ ಬೆಲೆ ಕಿಲೋಗೆ 225 ರೂಪಾಯಿ. ಆಗ ಬೆಂಗಳೂರಿನ ಒಬ್ಬ ರೋಸ್ಟರ್, ಅಂದರೆ ಕಾಫಿ ಹುರಿದು ಮಾರುವವನು, ಒಳ್ಳೆಯ ಕಾಫಿಗೆ 400 ಕೊಟ್ಟರೆ ಬೆಳೆಗಾರನಿಗೆ ಹತ್ತಿರ ಹತ್ತಿರ ಶೇಕಡಾ 80 ಹೆಚ್ಚು ಸಿಕ್ಕಂತೆ. ಮೂರು ಸಲ ಕೊಯ್ಯುವುದಕ್ಕೂ ಮಂಚ ಕಾಯುವುದಕ್ಕೂ ಅರ್ಥವಿತ್ತು. ಚೀಲಕ್ಕೆ 25 ಸಾವಿರವಾದಾಗ ಸಾಮಾನ್ಯ ಬೀಜಕ್ಕೇ 625 ರೂಪಾಯಿ. ಅದೇ ಪ್ರಮಾಣದ ಲಾಭಕ್ಕೆ ರೋಸ್ಟರ್ ಈಗ 1,100 ಕೊಡಬೇಕು. ಅಷ್ಟು ಕೊಟ್ಟರೆ ಅವನ ಅಂಗಡಿಯ ಕಾಫಿಗೆ ಗಿರಾಕಿ ಬರುವುದಿಲ್ಲ. ಬಹಳವಾದರೆ 750 ಎನ್ನುತ್ತಾನೆ. ಹೆಚ್ಚುವರಿ ಶೇಕಡಾ 20ಕ್ಕೆ ಇಳಿಯಿತು. ಆಳಿನ ಕೂಲಿ ಈ ನಡುವೆ ಏರಿದೆ, ಆಳು ಸಿಗುವುದೇ ಕಷ್ಟವಾಗಿದೆ, ಮಳೆಯ ಭಯ ಹಾಗೆಯೇ ಇದೆ. ಇತ್ತ ಊರಿನ ವ್ಯಾಪಾರಿ ಹಸಿರು-ಕೆಂಪು ನೋಡದೆ ಚೀಲ ತೂಗಿ ಅದೇ ದಿನ ದುಡ್ಡು ಹಾಕುತ್ತಾನೆ. ರೋಸ್ಟರ್ ಮಾದರಿ ತರಿಸಿ, ರುಚಿ ನೋಡಿ, ಒಂದು ತಿಂಗಳು ಕಾಯಿಸಿ, ಆಮೇಲೆ ಹಂತಹಂತವಾಗಿ ಹಣ ಕೊಡುತ್ತಾನೆ. ಬೆಳೆಗಾರ ಯಾರ ಕಡೆ ವಾಲುತ್ತಾನೆ ಎಂದು ಕೇಳುವ ಅಗತ್ಯವಿಲ್ಲ.

ಹಾಗಾದರೆ ಸಾಮಾನ್ಯ ಕಾಫಿಯನ್ನೇ ಮಾಡಲಿ, ಲಾಭ ಬರುತ್ತದೆಯಲ್ಲ, ನಮಗೇನು ಚಿಂತೆ ಎನ್ನಬಹುದು. ಚಿಂತೆ ಇರುವುದು ಬೆಲೆ ಇಳಿಯುವ ದಿನದ ಬಗ್ಗೆ. ಕಾಫಿಯ ಬೆಲೆ ಏರಿದ್ದು ಇಳಿಯದೆ ಉಳಿದ ಉದಾಹರಣೆ ಇಲ್ಲ. 2001-02ರ ಕುಸಿತದಲ್ಲಿ ಕೊಯ್ಲಿನ ಖರ್ಚೂ ಹುಟ್ಟದೆ ಮಲೆನಾಡಿನ ತೋಟಗಳು ಸೋತದ್ದನ್ನು ಕಂಡವರಿದ್ದಾರೆ. ಆ ದಿನ ಬಂದಾಗ ಬೆಳೆಗಾರನಿಗೆ ಆಸರೆಯಾಗುವುದು ಪೇಟೆಯ ಬೆಲೆಗೆ ಕಟ್ಟುಬೀಳದ ಗಿರಾಕಿ. ಅಂಥ ಗಿರಾಕಿಯನ್ನು ಇಳಿದ ದಿನವೇ ಹುಡುಕಲು ಹೊರಟರೆ ಸಿಗುವುದಿಲ್ಲ. ಮಂಚ ಬಿಚ್ಚಿಟ್ಟು, ಕಳೆನಾಶಕ ಹೊಡೆದು, ಕೊಯ್ಲಿನವರಿಗೆ ಸವರುವ ಅಭ್ಯಾಸ ಮರಳಿ ಕಲಿಸಿಬಿಟ್ಟರೆ ತಿರುಗಿ ಕಟ್ಟಲು ಮತ್ತೆ ಮೂರು-ನಾಲ್ಕು ವರ್ಷ ಬೇಕು. ಸಾವಯವ ಪ್ರಮಾಣಪತ್ರವಂತೂ ಮೊದಲ ಮೆಟ್ಟಿಲಿನಿಂದ.

ತೋಟದ ಹೆಸರಿನಲ್ಲಿ ಕಾಫಿ ಮಾರುವುದು ನಮ್ಮಲ್ಲಿ ಹಳೆಯ ಸಂಪ್ರದಾಯವೂ ಅಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, 1942ರ ಕಾಫಿ ಕಾಯ್ದೆಯ ಬಳಿಕ ಐದು ದಶಕ ಕಾಲ ಬೆಳೆಗಾರರು ಬೆಳೆದ ಕಾಫಿ ಸರ್ಕಾರದ ಕಾಫಿ ಮಂಡಳಿಯ ಸಾಮೂಹಿಕ ದಾಸ್ತಾನಾದ ಪೂಲ್‌ಗೆ ಹೋಗುತ್ತಿತ್ತು. ಅಲ್ಲಿ ಅದನ್ನು ದರ್ಜೆಗೆ ತಕ್ಕಂತೆ ವಿಂಗಡಿಸಿ ಬೆರೆಸುತ್ತಿದ್ದರು. ಬೆಲೆಯ ಭದ್ರತೆಯಿತ್ತು ನಿಜ, ಆದರೆ ಯಾರ ತೋಟದ ಕಾಫಿ ಎಂಬುದು ಆ ರಾಶಿಯಲ್ಲಿ ಕರಗಿಹೋಗುತ್ತಿತ್ತು. 1990ರ ದಶಕದ ಆರಂಭದಿಂದ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ಣ ಮುಕ್ತವಾಯಿತು. ತೋಟದ ಹೆಸರಿಗೆ ಬೆಲೆ ಬಂದು ಮೂವತ್ತು ವರ್ಷವಷ್ಟೇ. ಆ ಹೆಸರನ್ನು ಹೇಳಿಕೊಂಡು ಮಾರುವ ಶಕ್ತಿ ಇರುವುದು ದೊಡ್ಡ ಎಸ್ಟೇಟುಗಳಿಗೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿಗಳು. ಅವುಗಳ ಕಾಫಿ ಇಂದಿಗೂ ಹೆಸರಿಲ್ಲದೆ ವ್ಯಾಪಾರಿಯ ರಾಶಿಗೆ ಸೇರುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಪೇಟೆ ನೆನಪಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಖರೀದಿದಾರ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ಎತ್ತುತ್ತಾನೆ. ತಳಿ ಡಬ್ಬಿಯೋ ಕಡ್ಡಿಯೋ, ಸುಕ್ಕು ಹೇಗಿದೆ, ಬಣ್ಣ ಎಷ್ಟು ಗಾಢ, ಒಣಗಿದ್ದು ಸಾಕೇ ಎಂದು ನೋಡಿ ಆ ರಾಶಿಗೆ ಮಾತ್ರ ದರ ಬರೆಯುತ್ತಾನೆ. ಪಕ್ಕದ ರಾಶಿಗೆ ಬೇರೆ ದರ. ಒಬ್ಬೊಬ್ಬ ರೈತನ ರಾಶಿಗೂ ಅದರದೇ ಗುಣಕ್ಕೆ ತಕ್ಕ ಟೆಂಡರ್. ಬೆಲೆ ಕುಸಿದಾಗ ಅಲ್ಲೂ ರೈತರ ಸಿಟ್ಟು ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದುದನ್ನು 2024ರ ಮಾರ್ಚ್‌ನಲ್ಲಿ ಕಂಡಿದ್ದೇವೆ. ಆ ವ್ಯವಸ್ಥೆ ಕುಂದಿಲ್ಲದ್ದೇನೂ ಅಲ್ಲ. ಆದರೂ ಚೆನ್ನಾಗಿ ಒಣಗಿಸಿದವನಿಗೆ ಅದೇ ಸಂಜೆ ಅದರ ಫಲ ಕಾಣುತ್ತದೆ. ಕಾಫಿಯ ಊರಿನಲ್ಲಿ ವ್ಯಾಪಾರಿ ನೋಡುವುದು ಬಹುಮಟ್ಟಿಗೆ ತೂಕ, ತೇವ, ಹೊಟ್ಟು ತೆಗೆದರೆ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್. ಎ, ಎಎ ಎಂಬ ದರ್ಜೆಗಳೂ ಬೀಜದ ಗಾತ್ರವನ್ನು ಹೇಳುತ್ತವೆಯೇ ಹೊರತು ರುಚಿಯನ್ನಲ್ಲ. ಮೆಣಸಿನಕಾಯಿಯ ಬಣ್ಣವನ್ನು ದೂರದಿಂದಲೇ ಅಳೆಯುವ ನಮ್ಮ ಸೀಮೆಯ ಜನ ಕಾಫಿಗೂ ಅದೇ ಕಣ್ಣು ಬೆಳೆಸಿಕೊಳ್ಳಬಲ್ಲರು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ರಫ್ತು ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಕಾಫಿಯ ಸುಮಾರು ಶೇಕಡಾ 70 ಹೊರದೇಶಕ್ಕೇ ಹೋಗುತ್ತದೆ, ಇಟಲಿ, ಜರ್ಮನಿ ಮುಂದಿನ ಸಾಲಿನಲ್ಲಿವೆ. ಆದರೆ ಅಲ್ಲಿಗೆ ಕಂಟೇನರ್ ಲೆಕ್ಕ. ಸಣ್ಣ ಬೆಳೆಗಾರರ ಬಳಿ ಇಂಥ ಕಾಫಿ ಇರುವುದು ಐದಾರು ಚೀಲ. ಮೇಲಾಗಿ 2020ರ ನಂತರ ಕಾಡು ಕಡಿದ ನೆಲದ ಬೆಳೆಯಲ್ಲವೆಂದು ಜಮೀನಿನ ನಕ್ಷೆಸಹಿತ ತೋರಿಸಬೇಕೆಂಬ ಐರೋಪ್ಯ ಒಕ್ಕೂಟದ ಕಾನೂನು ಪದೇಪದೇ ಮುಂದೂಡಿದರೂ ಬಾಗಿಲಲ್ಲೇ ಇದೆ. ಆಂಧ್ರದ ಅರಕು ಕಣಿವೆಯಲ್ಲಿ ಆದಿವಾಸಿ ಬೆಳೆಗಾರರು ಸಹಕಾರ ಸಂಘದಡಿ ಒಟ್ಟಾಗಿ ಸಾವಯವ ಪ್ರಮಾಣಪತ್ರ ಪಡೆದು, ಹಣ್ಣನ್ನು ಒಂದೆಡೆ ತಂದು ಸಂಸ್ಕರಿಸಿ, ಪ್ಯಾರಿಸ್‌ವರೆಗೆ ಹೆಸರು ಮಾಡಿದ್ದಾರೆ. ಮಲೆನಾಡಿನ ಸಣ್ಣ ತೋಟಗಳಿಗೂ ಒಂಟಿಯಾಗಿ ಆಗದ ಕೆಲಸ ಅದು, ಕೂಡಿದರೆ ಆದೀತು.

ತಾನೇ ಹುರಿದು ಪೊಟ್ಟಣ ಮಾಡಿ ಮಾರುವ ದಾರಿಯಲ್ಲಿ ಕಾಗದಪತ್ರದ ತೊಡಕೂ ಉಂಟು. ಹಸಿ ಫಸಲು ಮಾರಿದರೆ ಬಂದದ್ದು ಪೂರ್ತಿ ಕೃಷಿ ಆದಾಯ. ಆದಾಯ ತೆರಿಗೆ ನಿಯಮಗಳ ಪ್ರಕಾರ ಬೆಳೆಗಾರನೇ ಕ್ಯೂರಿಂಗ್ ಮಾಡಿ (ಹೊಟ್ಟು ತೆಗೆದು, ದರ್ಜೆ ವಿಂಗಡಿಸಿ) ಮಾರಿದರೆ ಶೇಕಡಾ 25, ಹುರಿದು ಪುಡಿ ಮಾಡಿಯೂ ಮಾರಿದರೆ ಶೇಕಡಾ 40 ವ್ಯಾಪಾರದ ಆದಾಯ. ಆರು ಎಕರೆಯವನಿಗೆ ತೆರಿಗೆ ತಗಲುವುದು ವಿರಳ, ಆದರೆ ಲೆಕ್ಕ ಇಡಬೇಕೆಂಬ ಅಳುಕು ತಗಲುತ್ತದೆ.

ಹುಬ್ಬಳ್ಳಿ-ಧಾರವಾಡದ ನಾವು ಕೊಳ್ಳುವಾಗ ಏನನ್ನು ನೋಡಬೇಕು? ಮೊದಲು ಹುರಿದ ದಿನಾಂಕ. ಹುರಿದ ಬೀಜ ಒಂದು-ಒಂದೂವರೆ ತಿಂಗಳು ಸೊಗಸು. ಪುಡಿ ಮಾಡಿದ ಮೇಲೆ ದಿನಗಳ ಲೆಕ್ಕ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು ಎಂಬುದು ಕಾನೂನು. ಚಿಕೋರಿ ಕುಡಿಯುವುದು ಅವರವರ ಇಷ್ಟ, ಗಟ್ಟಿ ಹಾಲಿಗೆ ಅದು ಒಗ್ಗುತ್ತದೆ ಕೂಡ. ಆದರೆ ಎರಡು ಪೊಟ್ಟಣಗಳ ಬೆಲೆ ಹೋಲಿಸುವಾಗ ಅದನ್ನು ಮರೆಯಬಾರದು. ಇನ್ನು ಸಾವಯವ ಎಂಬ ಪದ. ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣವಾದರೆ ಸರ್ಕಾರದ ಅಧಿಕೃತ ಸಾವಯವ ಚಿಹ್ನೆಯನ್ನೂ ಪ್ರಮಾಣಪತ್ರದ ವಿವರವನ್ನೂ ಹುಡುಕಿ. ಕಳೆದ ವರ್ಷ ಮಳಿಗೆಯೊಂದರಲ್ಲಿ ನಾನು ಕೊಂಡ ಪೊಟ್ಟಣದ ಮೇಲೆ ಸಾವಯವ ಎಂದು ದೊಡ್ಡದಾಗಿ ಅಚ್ಚಾಗಿತ್ತು; ಚಿಹ್ನೆ ಇಲ್ಲ, ಸಂಖ್ಯೆ ಇಲ್ಲ, ತೋಟದ ಹೆಸರಿಲ್ಲ. ಕೇಳಿದರೆ ಉತ್ತರವೂ ಇಲ್ಲ. ಇಂಥ ಪೊಟ್ಟಣಗಳು ಗಿರಾಕಿಗೆ ಮಾಡುವ ಮೋಸಕ್ಕಿಂತ, ಮೂರು ವರ್ಷ ಕೈಯಿಂದ ಕಳೆದುಕೊಂಡು ಪ್ರಮಾಣಪತ್ರ ಪಡೆದವನಿಗೆ ಮಾಡುವ ದ್ರೋಹ ದೊಡ್ಡದು. ಸಣ್ಣ ಬೆಳೆಗಾರರೇ ನೇರವಾಗಿ ಗ್ರಾಹಕರಿಗೆ ಮಾರುವಾಗ 2017ರ ಆಹಾರ ಸುರಕ್ಷತಾ ನಿಯಮಗಳು ಪ್ರಮಾಣಪತ್ರದಿಂದ ಸ್ವಲ್ಪ ರಿಯಾಯಿತಿ ಕೊಟ್ಟಿವೆ. ಪಿಜಿಎಸ್ ಇಂಡಿಯಾ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪು ಕಟ್ಟಿ ಪರಸ್ಪರರ ಹೊಲ-ತೋಟ ಪರಿಶೀಲಿಸಿ ಕಡಿಮೆ ಖರ್ಚಿನಲ್ಲಿ ಮಾನ್ಯತೆ ಪಡೆಯಲೂಬಹುದು. ಕೊಳ್ಳುವ ಮೊದಲು ಇವುಗಳಲ್ಲಿ ಯಾವುದೆಂದು ಕೇಳಿ. ನಿಜವಾದ ಬೆಳೆಗಾರ ಆ ಪ್ರಶ್ನೆಗೆ ಬೇಸರಿಸುವುದಿಲ್ಲ, ಅರ್ಧ ಗಂಟೆ ಮಾತಾಡುತ್ತಾನೆ.

ನೀರಿನ ವಿಷಯವನ್ನು ಇಲ್ಲಿ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಇಷ್ಟು ಬೆಲೆ ಕೊಟ್ಟು ತಂದ ಕಾಫಿ ಮೊದಲ ದಿನ ನಮ್ಮ ಮನೆಯಲ್ಲಿ ಸಪ್ಪೆಯಾಗಿ, ಸೀಮೆಸುಣ್ಣ ನೆಕ್ಕಿದಂತೆ ಇತ್ತು. ಬೆಳೆಗಾರರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ನೀರು ಯಾವುದು ಎಂದು. ಬೋರ್‌ವೆಲ್‌ನ ಗಡಸು ನೀರು. ಮಲಪ್ರಭೆಯ ನೀರು ಬಂದ ದಿನ ಅದನ್ನೇ ಕಾಯಿಸಿ, ಅದೇ ಫಿಲ್ಟರಿನಲ್ಲಿ, ಅದೇ ಅಳತೆಯಲ್ಲಿ ಡಿಕಾಕ್ಷನ್ ಇಳಿಸಿದೆ. ಹಾಲು ಬೆರೆಸುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ತುದಿಯಲ್ಲಿ ಕಿತ್ತಳೆ ಸಿಪ್ಪೆಯ ಹಿತವಾದ ಹುಳಿ. ಬೋರ್ ನೀರಿನಲ್ಲಿ ಕಾಫಿ ಮಾಡಿ ಇದರಲ್ಲಿ ಏನೂ ಇಲ್ಲ ಎಂದು ತೀರ್ಪು ಕೊಟ್ಟವರು ನಮ್ಮ ಊರುಗಳಲ್ಲಿ ಎಷ್ಟೋ ಜನ ಇರಬೇಕು.

ಕಳಸ ದೂರವೆನಿಸಿದರೆ ಶಿರಸಿ, ಯಲ್ಲಾಪುರ, ಸಿದ್ದಾಪುರಗಳ ಅಡಿಕೆ ತೋಟಗಳ ನಡುವೆಯೂ ಈಗ ಕಾಫಿ ಗಿಡ ಕಾಣುತ್ತದೆ. ಅಲ್ಲಿಗೆ ಹುಬ್ಬಳ್ಳಿಯಿಂದ ಎರಡು-ಮೂರು ಗಂಟೆಯ ದಾರಿ. ಅಲ್ಲಿನ ಎತ್ತರಕ್ಕೆ ಹೊಂದುವುದು ಹೆಚ್ಚಾಗಿ ರೊಬಸ್ಟಾ. ರೊಬಸ್ಟಾ ಎಂದರೆ ಕೀಳು ಎಂಬ ಮಾತನ್ನು ನಂಬಬೇಡಿ. ಹಣ್ಣು ನೋಡಿ ಬಿಡಿಸಿ, ತೊಳೆದು ಒಣಗಿಸಿದ ನಮ್ಮ ರೊಬಸ್ಟಾಕ್ಕೆ ಹೊರದೇಶದ ಎಸ್ಪ್ರೆಸೊ ತಯಾರಕರು ಹೆಚ್ಚು ಬೆಲೆ ಕೊಡುತ್ತಾರೆ, ಹಾಲಿನ ಕಾಫಿಗೆ ಅದು ಹೇಳಿ ಮಾಡಿಸಿದ್ದು. ಚಹಾದ ಊರಿಗೆ ಕಾಫಿ ಕಲಿಸುವುದಾದರೆ ಬಹುಶಃ ಅಲ್ಲಿಂದಲೇ ಕಲಿಸಬೇಕು.

ನಿಲ್ಲಿಸುವ ಯೋಚನೆಯಿದೆ ಎಂದ ಬೆಳೆಗಾರರಿಗೆ ನಾನು ಆ ದಿನ ಏನೂ ಹೇಳಲಾರದೆ ಬಂದೆ. ಊರಿಗೆ ಬಂದು ಪರಿಚಯದ ಮನೆಗಳಲ್ಲಿ ಈ ಲೆಕ್ಕವನ್ನೇ ಬಿಡಿಸಿ ಇಟ್ಟೆ. ಮೂರು-ನಾಲ್ಕು ತಿಂಗಳಲ್ಲಿ ಹನ್ನೊಂದು ಮನೆಗಳಾದವು. ತಿಂಗಳಿಗೆ ಮನೆಗೆ ಅರ್ಧ ಕಿಲೋ. ಬೆಲೆ ಕಿಲೋಗೆ 1,800 ರೂಪಾಯಿ. ಪೇಟೆಯಲ್ಲಿ ಏರಲಿ ಇಳಿಯಲಿ, ಎರಡು ವರ್ಷ ಅದೇ ಬೆಲೆ. ಮೂರನೆಯ ಒಂದು ಪಾಲು ಹಣವನ್ನು ಕೊಯ್ಲಿಗೆ ಮೊದಲೇ ಕೊಡುವುದು. ಪೇಟೆ ಬಿದ್ದರೆ ನಾವು ಹೆಚ್ಚು ತೆತ್ತಂತೆ, ಇನ್ನೂ ಏರಿದರೆ ಅವರು ಬಿಟ್ಟುಕೊಟ್ಟಂತೆ. ವರ್ಷಕ್ಕೆ 66 ಕಿಲೋ ಹುರಿದ ಕಾಫಿ, ಅಂದರೆ ಎರಡು ಚೀಲ ಪಾರ್ಚ್‌ಮೆಂಟ್. ಅಕ್ಟೋಬರ್‌ನಲ್ಲಿ ಇದನ್ನು ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಚೀಲಕ್ಕೆ ಮೂಡಣ ಇಳಿಜಾರಿನ ತುಂಡು ಸಾಕು, ಅಲ್ಲಿ ನೆರಳು ಚೆನ್ನಾಗಿದೆ ಎಂದರು.

ಮೊನ್ನೆ ಒಂದು ಚಿತ್ರ ಕಳಿಸಿದ್ದಾರೆ. ಎರಡು ಬಿದಿರಿನ ಮಂಚ, ಮೇಲೆ ಆಗತಾನೇ ತೊಳೆದು ಹರವಿದ ಪಾರ್ಚ್‌ಮೆಂಟ್. ಮಂಚದ ಕಾಲಿಗೆ ರಟ್ಟಿನ ತುಂಡೊಂದನ್ನು ಸುತಳಿ ದಾರದಿಂದ ಕಟ್ಟಿದ್ದಾರೆ. ಅದರ ಮೇಲೆ ಇದ್ದಿಲಿನಲ್ಲಿ ಧಾರವಾಡ ಎಂದು ಬರೆದಿದೆ.